ಹೃದಯಾಘಾತದ ನಂತರ: ಬ್ಲಾಕ್ ಎಷ್ಟು ಗಂಭೀರ, ಮುಂದಿನ ದಾರಿ ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆ್ಯಂಜಿಯೋಗ್ರಾಂ ಮುಗಿಸಿ ಹೊರಬಂದ ವೈದ್ಯರನ್ನು ಮನೆಯವರು ಮೊದಲು ಕೇಳುವುದು "ಎಷ್ಟು ಪರ್ಸೆಂಟ್ ಬ್ಲಾಕ್ ಇದೆ ಡಾಕ್ಟ್ರೇ?" ಎಂದು. ಕೇಳುವುದು ಸಹಜವೇ. ಆದರೆ ಮುಂದಿನ ವರ್ಷಗಳು ಹೇಗಿರುತ್ತವೆ ಎಂಬುದರ ಬಗ್ಗೆ ಆ ಸಂಖ್ಯೆ ಹೇಳುವುದು ಬಹಳ ಕಡಿಮೆ. ಹೃದಯದ ಸ್ನಾಯು ಎಷ್ಟು ಉಳಿದುಕೊಂಡಿದೆ, ಉಳಿದ ನಾಳಗಳ ಪರಿಸ್ಥಿತಿ ಏನು, ಮನೆಗೆ ಬಂದ ಮೇಲೆ ಚಿಕಿತ್ಸೆ ಎಷ್ಟು ನಿಯಮಿತವಾಗಿ ನಡೆಯುತ್ತದೆ ಎಂಬ ಮೂರು ವಿಷಯಗಳು ಅದಕ್ಕಿಂತ ಹೆಚ್ಚು ತೂಕದವು. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ. ನಿಮ್ಮ ವರದಿಯನ್ನು ನೋಡಿ ನಿರ್ಧಾರ ಹೇಳಬೇಕಾದವರು ನಿಮ್ಮ ವೈದ್ಯರೇ.

ಶೇ 90 ಬ್ಲಾಕ್ ಎಂದರೆ ಹೃದಯ ಶೇ 10 ಮಾತ್ರ ಕೆಲಸ ಮಾಡುತ್ತಿದೆ ಎಂದೇ?

ಖಂಡಿತ ಅಲ್ಲ. ಆ ಸಂಖ್ಯೆ ರಕ್ತನಾಳದ ಒಂದು ಜಾಗಕ್ಕೆ ಸೇರಿದ್ದು, ಇಡೀ ಹೃದಯಕ್ಕಲ್ಲ. ಆ ಜಾಗದಲ್ಲಿ ನಾಳದ ಒಳ ಅಗಲ ಎಷ್ಟು ಕಿರಿದಾಗಿದೆ ಎಂಬುದರ ಅಂದಾಜು ಅದು. ಅಂದಾಜು ಎಂದೇ ಹೇಳಬೇಕು, ಏಕೆಂದರೆ ಬಹಳ ಕಡೆ ವೈದ್ಯರು ಪರದೆಯ ಮೇಲೆ ಕಣ್ಣಳತೆಯಲ್ಲಿ ನೋಡಿ ಹೇಳುತ್ತಾರೆ. ಒಬ್ಬರು 70 ಎಂದದ್ದನ್ನು ಇನ್ನೊಬ್ಬರು 80 ಎನ್ನಬಹುದು. ಅಷ್ಟಕ್ಕೇ ಕಾಯಿಲೆ ಹೆಚ್ಚಾಯಿತೆಂದು ಗಾಬರಿಯಾಗಬೇಕಿಲ್ಲ.

ಸಾಮಾನ್ಯವಾಗಿ ಶೇ 70 ಅಥವಾ ಅದಕ್ಕಿಂತ ಹೆಚ್ಚು ಕಿರಿದಾದರೆ ಗಂಭೀರ ಎಂದು ಪರಿಗಣಿಸುತ್ತಾರೆ. ಎಡಭಾಗದ ಮುಖ್ಯ ನಾಳಕ್ಕೆ, ಅಂದರೆ ಲೆಫ್ಟ್ ಮೇನ್‌ಗೆ, ಈ ಗಡಿ ಶೇ 50. ಹೃದಯದ ಎಡಭಾಗದ ಬಹುಪಾಲು ಸ್ನಾಯು ಅದೊಂದರ ರಕ್ತವನ್ನೇ ನಂಬಿರುವುದು ಇದಕ್ಕೆ ಕಾರಣ. 40ರಿಂದ 90ರ ನಡುವೆ ಅನುಮಾನ ಉಳಿದರೆ ಎಫ್‌ಎಫ್‌ಆರ್ ಎಂಬ ಪರೀಕ್ಷೆ ಇದೆ. ಕೂದಲೆಳೆಯಂಥ ತಂತಿಯನ್ನು ಬ್ಲಾಕ್ ದಾಟಿಸಿ, ಅದರ ಆಚೆಗಿನ ರಕ್ತದ ಒತ್ತಡ ಎಷ್ಟು ಕುಸಿದಿದೆ ಎಂದು ಅಳೆಯುತ್ತಾರೆ. ಆಚೆಗಿನ ಒತ್ತಡವನ್ನು ಈಚೆಗಿನ ಒತ್ತಡದಿಂದ ಭಾಗಿಸಿದಾಗ 0.80 ಅಥವಾ ಕಡಿಮೆ ಬಂದರೆ ಆ ಬ್ಲಾಕ್ ನಿಜಕ್ಕೂ ರಕ್ತ ಪೂರೈಕೆಗೆ ತೊಡಕಾಗಿದೆ ಎಂದರ್ಥ. ಕಣ್ಣಿಗೆ ಭಯಂಕರವಾಗಿ ಕಂಡ ಎಷ್ಟೋ ಬ್ಲಾಕ್‌ಗಳು ಈ ಪರೀಕ್ಷೆಯಲ್ಲಿ ನಿರುಪದ್ರವಿ ಎಂದು ತೇಲುತ್ತವೆ. 2009ರಲ್ಲಿ ಪ್ರಕಟವಾದ ಫೇಮ್ ಅಧ್ಯಯನದಲ್ಲಿ ಈ ಅಳತೆಯನ್ನು ನೋಡಿ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದವರಿಗೆ ಕಡಿಮೆ ಸ್ಟೆಂಟ್ ಸಾಕಾಯಿತು, ಫಲಿತಾಂಶವೂ ಉತ್ತಮವಾಗಿತ್ತು.

ಕೆಲವೇ ದಿನಗಳ ಹಿಂದೆ ಟ್ರೆಡ್‌ಮಿಲ್ ಟೆಸ್ಟ್ ನಾರ್ಮಲ್ ಬಂದಿತ್ತು. ಹಾಗಿದ್ದರೂ ಹೃದಯಾಘಾತ ಹೇಗಾಯಿತು?

ಟ್ರೆಡ್‌ಮಿಲ್ ಟೆಸ್ಟ್ ಹಿಡಿಯುವುದು ರಕ್ತದ ಹರಿವಿಗೆ ಆಗಲೇ ಅಡ್ಡವಾಗಿರುವ ಬ್ಲಾಕನ್ನು. ಹೃದಯಾಘಾತವಾದರೋ ಹೆಚ್ಚಿನ ಸಲ ಆಗುವುದು ನಾಳದ ಗೋಡೆಯೊಳಗಿನ ಕೊಬ್ಬಿನ ಗಡ್ಡೆಯ ಮೇಲ್ಪದರ ಹರಿದಾಗ. ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಕೆಲವೇ ನಿಮಿಷಗಳಲ್ಲಿ ನಾಳ ಮುಚ್ಚಿಹೋಗಬಹುದು. ಹಿಂದಿನ ದಿನದವರೆಗೂ ಆ ಗಡ್ಡೆ ಶೇ 30 ಅಥವಾ 40ರಷ್ಟೇ ಅಡ್ಡವಾಗಿದ್ದು, ಎದೆನೋವಿನ ಸುಳಿವೇ ಕೊಡದೆ ಇದ್ದಿರಬಹುದು.

2011ರಲ್ಲಿ ಬಂದ ಪ್ರಾಸ್ಪೆಕ್ಟ್ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಸ್ಟೆಂಟ್ ಚಿಕಿತ್ಸೆ ಪಡೆದವರನ್ನು ಸುಮಾರು ಮೂರು ವರ್ಷ ಗಮನಿಸಿದಾಗ, ಮತ್ತೆ ಎದ್ದ ತೊಂದರೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹುಟ್ಟಿದ್ದು ಚಿಕಿತ್ಸೆ ಮಾಡದೆ ಬಿಟ್ಟಿದ್ದ ಬೇರೆ ಜಾಗಗಳಲ್ಲಿ. ಆ ಜಾಗಗಳು ಮೊದಲ ಆ್ಯಂಜಿಯೋಗ್ರಾಂನಲ್ಲಿ ಸರಾಸರಿ ಶೇ 32ರಷ್ಟು ಮಾತ್ರ ಕಿರಿದಾಗಿದ್ದವು. ಸ್ಟೆಂಟ್ ಸರಿಮಾಡುವುದು ಒಂದು ಜಾಗವನ್ನು. ಕಾಯಿಲೆ ಇರುವುದು ನಾಳಗಳ ಉದ್ದಕ್ಕೂ. ಮಾತ್ರೆಗಳು ಏಕೆ ಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

"ತ್ರಿಬಲ್ ವೆಸೆಲ್" ಎಂದು ಬರೆದಿದ್ದಾರೆ. ಅದು ಎಷ್ಟು ಕೆಟ್ಟದ್ದು?

ಹೃದಯದ ಸ್ನಾಯುವಿಗೆ ರಕ್ತ ಕೊಡುವ ಮುಖ್ಯ ನಾಳಗಳು ಮೂರು: ಮುಂಭಾಗಕ್ಕೆ ಎಲ್‌ಎಡಿ, ಪಕ್ಕಕ್ಕೆ ಸರ್ಕಮ್‌ಫ್ಲೆಕ್ಸ್, ಬಲಭಾಗ ಮತ್ತು ತಳಕ್ಕೆ ಆರ್‌ಸಿಎ. ಮೂರರಲ್ಲೂ ಗಂಭೀರ ಬ್ಲಾಕ್ ಇದ್ದರೆ ತ್ರಿಬಲ್ ವೆಸೆಲ್ ಡಿಸೀಸ್. ಒಂದೇ ನಾಳದ ಕಾಯಿಲೆಗಿಂತ ಇದರ ಅಪಾಯ ಹೆಚ್ಚು ಎಂಬುದು ನಿಜ. ಆದರೆ ಬರೀ ಎಣಿಕೆ ಸಾಲದು. ಎಲ್‌ಎಡಿಯ ಬುಡದಲ್ಲೇ ಇರುವ ಒಂದೇ ಒಂದು ಬ್ಲಾಕ್, ಕೊನೆಯ ಸಣ್ಣ ಕವಲುಗಳಲ್ಲಿರುವ ಮೂರು ಬ್ಲಾಕ್‌ಗಳಿಗಿಂತ ಹೆಚ್ಚು ಸ್ನಾಯುವನ್ನು ಅಪಾಯಕ್ಕೆ ಒಡ್ಡುತ್ತದೆ.

ಅದಕ್ಕೇ ಸಿಂಟ್ಯಾಕ್ಸ್ ಸ್ಕೋರ್ ಬಳಕೆಗೆ ಬಂತು. ಬ್ಲಾಕ್ ಎಲ್ಲಿದೆ, ಕವಲೊಡೆಯುವ ಜಾಗದಲ್ಲಿದೆಯೇ, ಪೂರ್ತಿ ಮುಚ್ಚಿದೆಯೇ, ಸುಣ್ಣ ಕಟ್ಟಿದೆಯೇ, ಉದ್ದ ಎಷ್ಟು ಎಂದೆಲ್ಲ ನೋಡಿ ಅಂಕ ಕೊಡುತ್ತಾರೆ. 22ರವರೆಗೆ ಕಡಿಮೆ, 23ರಿಂದ 32 ಮಧ್ಯಮ, 33 ಮತ್ತು ಮೇಲಿನದು ಹೆಚ್ಚು ಜಟಿಲ. ತ್ರಿಬಲ್ ವೆಸೆಲ್ ಕಾಯಿಲೆಯಲ್ಲಿ ಅಂಕ ಹೆಚ್ಚಿದಷ್ಟೂ ಸ್ಟೆಂಟ್‌ಗಿಂತ ಬೈಪಾಸ್ ಕಡೆಗೆ ತಕ್ಕಡಿ ವಾಲುತ್ತದೆ. ಮಧುಮೇಹ ಇದ್ದು ಹಲವು ನಾಳಗಳಲ್ಲಿ ಕಾಯಿಲೆ ಇದ್ದರೆ ಬೈಪಾಸ್‌ನ ಮೇಲುಗೈ ಇನ್ನೂ ಸ್ಪಷ್ಟ. 2012ರ ಫ್ರೀಡಂ ಅಧ್ಯಯನದಲ್ಲಿ ಅಂಥವರ ಪೈಕಿ ಐದು ವರ್ಷಗಳಲ್ಲಿ ಸ್ಟೆಂಟ್ ಗುಂಪಿನಲ್ಲಿ ಶೇ 16.3, ಬೈಪಾಸ್ ಗುಂಪಿನಲ್ಲಿ ಶೇ 10.9 ಮಂದಿ ಮೃತಪಟ್ಟಿದ್ದರು. ಪಾರ್ಶ್ವವಾಯು ಮಾತ್ರ ಬೈಪಾಸ್ ಆದವರಲ್ಲಿ ಹೆಚ್ಚಿತ್ತು. ಎದೆ ತೆರೆಯುವ ಶಸ್ತ್ರಚಿಕಿತ್ಸೆ ಎಂದರೆ ಹೆದರಿಕೆಯಾಗುವುದು ಸಹಜ, ಆದರೆ ಬರೀ ಹೆದರಿಕೆಯಿಂದ ಅದನ್ನು ತಳ್ಳಿಹಾಕುವ ಮುನ್ನ ಈ ಲೆಕ್ಕವನ್ನೂ ಕೇಳಿ ತಿಳಿಯಿರಿ.

ಎಕೋ ವರದಿಯಲ್ಲಿ ಇಎಫ್ 38 ಎಂದಿದೆ. ಇದೇ ಏನು "ಪಂಪಿಂಗ್" ಅನ್ನುವುದು?

ಹೌದು. ನನ್ನನ್ನು ಕೇಳಿದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಬೇಕಾದ ಸಂಖ್ಯೆ ಇದೇ, ಬ್ಲಾಕ್‌ನ ಶೇಕಡಾವಾರು ಅಲ್ಲ.

ಎಡ ಹೃತ್ಕುಕ್ಷಿಯಲ್ಲಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಹೋಗುತ್ತದೆ ಎಂಬುದೇ ಇಎಫ್. ಆರೋಗ್ಯವಂತರಲ್ಲೂ ಇದು ನೂರಿರುವುದಿಲ್ಲ, ಸುಮಾರು 55ರಿಂದ 70ರ ನಡುವೆ ಇರುತ್ತದೆ. ಹಾಗಾಗಿ 38 ಎಂದರೆ "ನೂರಕ್ಕೆ ಮೂವತ್ತೆಂಟು ಅಂಕ" ಎಂದು ಓದಬೇಡಿ. 41ರಿಂದ 49 ಅಲ್ಪ ಇಳಿಕೆ, 40 ಮತ್ತು ಕೆಳಗಿನದು ಸ್ಪಷ್ಟ ಇಳಿಕೆ. ಇಎಫ್ ಇಳಿದಷ್ಟೂ ಹಾರ್ಟ್ ಫೇಲ್ಯೂರ್, ಅಪಾಯಕಾರಿ ಬಡಿತದ ತೊಂದರೆ ಮತ್ತು ಸಾವಿನ ಸಾಧ್ಯತೆ ಏರುತ್ತವೆ. 35ಕ್ಕಿಂತ ಕೆಳಗೆ ಈ ಏರಿಕೆ ಕಡಿದಾಗುತ್ತದೆ.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಮೊದಲ ವಾರದ ಇಎಫ್ ಅಂತಿಮ ತೀರ್ಪಲ್ಲ. ರಕ್ತ ಸಿಗದೆ ಸ್ವಲ್ಪ ಹೊತ್ತು ನರಳಿದ ಸ್ನಾಯುವಿನಲ್ಲಿ ಒಂದು ಭಾಗ ಸತ್ತಿರುತ್ತದೆ, ಇನ್ನೊಂದು ಭಾಗ ಬದುಕಿದ್ದೂ ಮರಗಟ್ಟಿ ಕುಳಿತಿರುತ್ತದೆ. ಎರಡನೆಯದು ದಿನಗಳು, ವಾರಗಳು ಕಳೆದಂತೆ ಮತ್ತೆ ಬಡಿಯತೊಡಗಬಹುದು. ಕಾಲುವೆ ದುರಸ್ತಿಯಾಗಿ ನೀರು ಬಂದಾಗ ಬಾಡಿದ ಪೈರು ಎದ್ದು ನಿಲ್ಲುತ್ತದೆ, ಒಣಗಿಹೋದದ್ದು ನಿಲ್ಲುವುದಿಲ್ಲ. ಯಾವುದು ಎಷ್ಟೆಂದು ಗೊತ್ತಾಗಲು ಸುಮಾರು 6ರಿಂದ 12 ವಾರ ಬೇಕು. ಆ ಹೊತ್ತಿಗೆ ಎಕೋ ಮತ್ತೊಮ್ಮೆ ಆಗಲೇಬೇಕು. 38 ಇದ್ದದ್ದು 50 ಆದವರು ಅಪರೂಪವೇನಲ್ಲ.

ಔಷಧಿಗಳನ್ನು ಸರಿಯಾಗಿ ತೆಗೆದುಕೊಂಡ ಮೇಲೂ, ಹೃದಯಾಘಾತವಾಗಿ ಕನಿಷ್ಠ 40 ದಿನ ಮತ್ತು ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ ಸುಮಾರು ಮೂರು ತಿಂಗಳು ಕಳೆದ ಮೇಲೂ, ಇಎಫ್ 35 ಅಥವಾ ಅದಕ್ಕಿಂತ ಕಡಿಮೆಯೇ ಉಳಿದರೆ ಐಸಿಡಿ ಎಂಬ ಸಾಧನದ ಮಾತು ಬರುತ್ತದೆ. ಪ್ರಾಣಾಂತಕ ಬಡಿತ ಶುರುವಾದರೆ ಒಳಗಿಂದಲೇ ಶಾಕ್ ಕೊಟ್ಟು ಸರಿಪಡಿಸುವ ಸಾಧನ ಅದು. "ಈಗಲೇ ಹಾಕಿಬಿಡಬಾರದೇ?" ಎಂದು ಕೇಳುವವರಿದ್ದಾರೆ. 2004ರ ಡಿನಾಮಿಟ್ ಅಧ್ಯಯನದಲ್ಲಿ ಮೊದಲ 40 ದಿನಗಳೊಳಗೆ ಹಾಕಿ ನೋಡಿದರು, ಒಟ್ಟು ಸಾವುಗಳು ಕಡಿಮೆಯಾಗಲಿಲ್ಲ.

ಆಸ್ಪತ್ರೆಗೆ ಬಂದಾಗಿನ ಸ್ಥಿತಿಯಿಂದ ಮುಂದಿನದ್ದು ಗೊತ್ತಾಗುತ್ತದೆಯೇ?

ಬಹಳಷ್ಟು ಗೊತ್ತಾಗುತ್ತದೆ, ಅದೂ ದುಬಾರಿ ಯಂತ್ರವಿಲ್ಲದೆ. 1967ರಲ್ಲಿ ಥಾಮಸ್ ಕಿಲಿಪ್ ಮತ್ತು ಜಾನ್ ಕಿಂಬಲ್ 250 ರೋಗಿಗಳನ್ನು ಬರೀ ದೇಹಪರೀಕ್ಷೆಯ ಆಧಾರದಲ್ಲಿ ನಾಲ್ಕು ವರ್ಗ ಮಾಡಿದರು. ಶ್ವಾಸಕೋಶ ಸ್ವಚ್ಛವಾಗಿದ್ದವರು ಒಂದನೇ ವರ್ಗ, ಸ್ವಲ್ಪ ನೀರಿನ ಸದ್ದು ಕೇಳಿದವರು ಎರಡನೆಯದು, ಶ್ವಾಸಕೋಶವಿಡೀ ನೀರು ತುಂಬಿದವರು ಮೂರನೆಯದು, ರಕ್ತದೊತ್ತಡ ಕುಸಿದು ಶಾಕ್‌ಗೆ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಗೆ, ಹೋದವರು ನಾಲ್ಕನೆಯದು. ಅಂದಿನ ಸಾವಿನ ಪ್ರಮಾಣ ಕ್ರಮವಾಗಿ ಶೇ 6, 17, 38 ಮತ್ತು 81. ನಾಳ ತೆರೆಯುವ ಚಿಕಿತ್ಸೆ ಬಂದ ಮೇಲೆ ಈ ಅಂಕಿಗಳು ಇಳಿದಿವೆ, ಆದರೆ ಮೆಟ್ಟಿಲುಗಳ ಕ್ರಮ ಹಾಗೆಯೇ ಇದೆ. ಶಾಕ್‌ಗೆ ಹೋದವರಲ್ಲಿ ಇಂದಿಗೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿಯುವುದಿಲ್ಲ.

ಈಗ ಗ್ರೇಸ್ ಸ್ಕೋರ್ ಚಾಲ್ತಿಯಲ್ಲಿದೆ. ವಯಸ್ಸು, ನಾಡಿ, ರಕ್ತದೊತ್ತಡ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ), ಕಿಲಿಪ್ ವರ್ಗ, ಬಂದಾಗ ಹೃದಯ ನಿಂತಿತ್ತೇ, ಇಸಿಜಿ ಬದಲಾವಣೆ, ಟ್ರೊಪೊನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಪ್ರೋಟೀನ್) ಏರಿಕೆ ಇವೆಲ್ಲ ಸೇರಿ ಒಂದು ಅಂಕ. 140 ದಾಟಿದರೆ ಹೆಚ್ಚಿನ ಅಪಾಯ. ಗಮನಿಸಿ, ಈ ಪಟ್ಟಿಯಲ್ಲಿ ಬ್ಲಾಕ್‌ನ ಶೇಕಡಾವಾರು ಇಲ್ಲವೇ ಇಲ್ಲ.

ಟ್ರೊಪೊನಿನ್ ಸಾವಿರಾರು ಬಂದಿದೆ. ಹೆದರಬೇಕೇ?

ಹೆಚ್ಚು ಏರಿದಷ್ಟೂ ಹೆಚ್ಚು ಸ್ನಾಯು ಹಾನಿಯಾಗಿದೆ ಎಂಬುದು ಸ್ಥೂಲವಾಗಿ ಸರಿ. ಆದರೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಳತೆಯ ವಿಧಾನ, ಘಟಕ ಬೇರೆ. ಪಕ್ಕದ ಹಾಸಿಗೆಯವರ ಸಂಖ್ಯೆಯ ಜೊತೆ ಹೋಲಿಸಬೇಡಿ.

ದೊಡ್ಡ ಅಟ್ಯಾಕ್, ಸಣ್ಣ ಅಟ್ಯಾಕ್ ಎನ್ನುತ್ತಾರಲ್ಲ?

ಇಸಿಜಿಯಲ್ಲಿ ಎಸ್‌ಟಿ ಭಾಗ ಮೇಲೆದ್ದರೆ ಸ್ಟೆಮಿ. ಒಂದು ನಾಳ ಪೂರ್ತಿ ಮುಚ್ಚಿರುವ ಸೂಚನೆ ಅದು, ತಕ್ಷಣ ತೆರೆಯಬೇಕು. ಎರಡು ಗಂಟೆಯೊಳಗೆ ಆ್ಯಂಜಿಯೋಪ್ಲಾಸ್ಟಿ (ಬಲೂನು, ಸ್ಟೆಂಟ್‌ನಿಂದ ನಾಳ ತೆರೆಯುವುದು) ಸಾಧ್ಯವಿಲ್ಲವಾದರೆ, ನೋವು ಶುರುವಾಗಿ 12 ಗಂಟೆ ದಾಟಿಲ್ಲದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಎಸ್‌ಟಿ ಏರದೆ ಟ್ರೊಪೊನಿನ್ ಮಾತ್ರ ಏರಿದರೆ ಎನ್‌ಸ್ಟೆಮಿ. ಇದನ್ನೇ ಜನ "ಮೈಲ್ಡ್ ಅಟ್ಯಾಕ್" ಎನ್ನುವುದು.

ಆ ಮಾತು ದಾರಿ ತಪ್ಪಿಸುತ್ತದೆ. ಆಸ್ಪತ್ರೆಯೊಳಗಿನ ಅಪಾಯ ಎನ್‌ಸ್ಟೆಮಿಯಲ್ಲಿ ಕಡಿಮೆ, ನಿಜ. ಆದರೆ ಒಂದು ವರ್ಷ, ಎರಡು ವರ್ಷದ ಲೆಕ್ಕ ತೆಗೆದರೆ ಸ್ಟೆಮಿಗೆ ಸಮ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಈ ರೋಗಿಗಳಿಗೆ ಸಾಮಾನ್ಯವಾಗಿ ವಯಸ್ಸು ಹೆಚ್ಚು, ಕಾಯಿಲೆ ಹೆಚ್ಚು ನಾಳಗಳಲ್ಲಿ, ಜೊತೆಗೆ ಮಧುಮೇಹವೋ ಮೂತ್ರಪಿಂಡದ ತೊಂದರೆಯೋ ಇರುತ್ತದೆ. ಮೈಲ್ಡ್ ಎಂದು ನಂಬಿಕೊಂಡು ಮೂರನೇ ತಿಂಗಳಿಗೆ ಮಾತ್ರೆ ಬಿಟ್ಟವರೇ ಮತ್ತೆ ಬರುವುದು.

ಮೂರು ಬ್ಲಾಕ್‌ನಲ್ಲಿ ಒಂದಕ್ಕೆ ಮಾತ್ರ ಸ್ಟೆಂಟ್ ಹಾಕಿ ಕಳಿಸಿದ್ದಾರೆ. ಉಳಿದದ್ದು?

ಹೃದಯಾಘಾತಕ್ಕೆ ಕಾರಣವಾದ ನಾಳವನ್ನು ಮೊದಲು ತೆರೆಯುವುದು ವಾಡಿಕೆ. ಉಳಿದ ಗಂಭೀರ ಬ್ಲಾಕ್‌ಗಳನ್ನು ಅದೇ ದಾಖಲಾತಿಯಲ್ಲಿ ಅಥವಾ ಕೆಲವು ವಾರಗಳ ಒಳಗೆ ಸರಿಪಡಿಸುವುದು ಒಳ್ಳೆಯದೆಂದು 2019ರ ಕಂಪ್ಲೀಟ್ ಅಧ್ಯಯನ ತೋರಿಸಿತು. ಸ್ಟೆಮಿ ಆಗಿದ್ದ 4,041 ಮಂದಿಯಲ್ಲಿ, ಎಲ್ಲ ಗಂಭೀರ ಬ್ಲಾಕ್‌ಗಳಿಗೂ ಚಿಕಿತ್ಸೆ ಆದವರಲ್ಲಿ ಮರು ಹೃದಯಾಘಾತ ಅಥವಾ ಹೃದ್ರೋಗದ ಸಾವು ಸುಮಾರು ಮೂರು ವರ್ಷಗಳಲ್ಲಿ ಶೇ 7.8, ಒಂದಕ್ಕೆ ಮಾತ್ರ ಆದವರಲ್ಲಿ ಶೇ 10.5. ವ್ಯತ್ಯಾಸ ಬಂದದ್ದು ಮುಖ್ಯವಾಗಿ ಮರು ಹೃದಯಾಘಾತ ಕಡಿಮೆಯಾದುದರಿಂದ.

ಶಾಕ್‌ನಲ್ಲಿರುವ ರೋಗಿಗೆ ಮಾತ್ರ ಲೆಕ್ಕ ಉಲ್ಟಾ. ಅಲ್ಲಿ ಮೊದಲ ಸಲಕ್ಕೆ ಕಾರಣವಾದ ನಾಳವನ್ನಷ್ಟೇ ಮುಟ್ಟುವುದು ಉತ್ತಮ ಎಂದು 2017ರ ಕಲ್ಪ್ರಿಟ್-ಶಾಕ್ ಅಧ್ಯಯನದಿಂದ ತಿಳಿಯಿತು. ಹಾಗಾಗಿ "ಒಂದೇ ಸಲ ಎಲ್ಲ ಮಾಡಿ ಮುಗಿಸಿ" ಎಂದು ಒತ್ತಾಯಿಸಬೇಡಿ. ಉಳಿದದ್ದಕ್ಕೆ ಯೋಜನೆ ಏನು, ಯಾವಾಗ ಎಂದು ಮಾತ್ರ ಕೇಳಿ ಬರೆಸಿಕೊಳ್ಳಿ.

ಆ್ಯಂಜಿಯೋಗ್ರಾಂನಲ್ಲಿ ಬ್ಲಾಕೇ ಇಲ್ಲ ಎಂದರು. ಹಾಗಾದರೆ ಹೃದಯಾಘಾತ ಆಗಿಲ್ಲವೇ?

ಆಗಿರಬಹುದು. ನೂರರಲ್ಲಿ ಸುಮಾರು ಆರು ಮಂದಿಯಲ್ಲಿ ಹೀಗೆ ಕಾಣುತ್ತದೆ, ಮಹಿಳೆಯರಲ್ಲಿ ಹೆಚ್ಚು. ನಾಳದ ಸೆಳೆತ, ತಾನೇ ಕರಗಿದ ಹೆಪ್ಪು, ನಾಳದ ಗೋಡೆ ಸೀಳಿರುವುದು, ಸ್ನಾಯುವಿನ ಉರಿಯೂತ ಹೀಗೆ ಕಾರಣ ಹಲವು. ಹೃದಯದ ಎಂಆರ್‌ಐ ಇಲ್ಲಿ ಬಹಳ ನೆರವಾಗುತ್ತದೆ. "ಏನೂ ಇಲ್ಲ, ಗ್ಯಾಸ್ ಇರಬೇಕು" ಎಂದು ಮನೆಯವರು ಫೈಲ್ ಮುಚ್ಚಿಡಬಾರದು.

ಮನೆಗೆ ಬಂದ ಮೇಲೆ ಯಾವ ಅವಧಿ ಹೆಚ್ಚು ಅಪಾಯದ್ದು?

ಮೊದಲ 30 ದಿನ, ನಂತರ ಮೊದಲ ವರ್ಷ. ವರ್ಷ ದಾಟಿದ ಮೇಲೆ ಅಪಾಯ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಸೊನ್ನೆಯಾಗುವುದಿಲ್ಲ. ಐದು ನಿಮಿಷ ಕಳೆದರೂ ಬಿಡದ ಎದೆನೋವು, ತಲೆ ತಗ್ಗಿಸಿ ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿನದಲ್ಲಿ ಎರಡು ಕೆಜಿ ತೂಕ ಏರಿ ಕಾಲು ಊದುವುದು, ಎಚ್ಚರ ತಪ್ಪಿ ಬೀಳುವುದು, ಮಲ ಕಪ್ಪಾಗುವುದು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಕೊನೆಯದು ರಕ್ತ ತೆಳುವಾಗಿಸುವ ಮಾತ್ರೆಯಿಂದ ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿರುವ ಸೂಚನೆ ಇರಬಹುದು. ಎದೆನೋವು, ಉಸಿರುಕಟ್ಟು, ಎಚ್ಚರ ತಪ್ಪುವುದಕ್ಕೆ ಆಂಬುಲೆನ್ಸೇ ಸರಿ, ಸ್ವಂತ ವಾಹನ ಓಡಿಸಿಕೊಂಡು ಹೋಗುವುದಲ್ಲ.

ಸ್ಟೆಂಟ್ ಹಾಕಿದ ಮೇಲೂ ಇಷ್ಟೊಂದು ಮಾತ್ರೆ ಏಕೆ? ಯಾವಾಗ ನಿಲ್ಲಿಸಬಹುದು?

ರಕ್ತ ತೆಳುವಾಗಿಸುವ ಮಾತ್ರೆಗಳು, ಅಂದರೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್ ಸಾಮಾನ್ಯವಾಗಿ 12 ತಿಂಗಳು. ರಕ್ತಸ್ರಾವದ ಅಪಾಯ ಹೆಚ್ಚಿರುವವರಿಗೆ ವೈದ್ಯರೇ ಅವಧಿ ತಗ್ಗಿಸುತ್ತಾರೆ. ಅವರನ್ನು ಕೇಳದೆ ಮೊದಲ ತಿಂಗಳಲ್ಲಿ ಬಿಟ್ಟರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು, ಅದು ಮೊದಲ ಹೃದಯಾಘಾತಕ್ಕಿಂತ ಭೀಕರವಾಗಿರಬಹುದು. ಹಲ್ಲು ಕೀಳಿಸುವಾಗಲೂ ಮೊದಲು ಹೃದ್ರೋಗ ವೈದ್ಯರನ್ನು ಕೇಳಿ.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಜೀವನಪರ್ಯಂತ. ಕೊಲೆಸ್ಟ್ರಾಲ್ ನಾರ್ಮಲ್ ಬಂತು, ಇನ್ನು ಬೇಡ ಎಂದು ನಿಲ್ಲಿಸುವವರು ಬಹಳ. ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಹೃದಯಾಘಾತ ಆದವರಿಗೆ ಪ್ರಯೋಗಾಲಯದ ಹಾಳೆಯ "ನಾರ್ಮಲ್" ಅನ್ವಯಿಸುವುದಿಲ್ಲ. ಯುರೋಪಿನ ಮಾರ್ಗಸೂಚಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 55 ಮಿಲಿಗ್ರಾಂಗಿಂತ ಕೆಳಗೆ, ಜೊತೆಗೆ ಮೊದಲಿದ್ದದ್ದಕ್ಕಿಂತ ಕನಿಷ್ಠ ಅರ್ಧಕ್ಕೆ ಇಳಿಯಬೇಕು ಎನ್ನುತ್ತದೆ. ನಾಲ್ಕರಿಂದ ಆರು ವಾರಕ್ಕೆ ಪರೀಕ್ಷೆ ಮಾಡಿಸಿ, ಇಳಿಯದಿದ್ದರೆ ಎಝೆಟಿಮೈಬ್ ಸೇರಿಸುತ್ತಾರೆ.

ಇಎಫ್ ಕಡಿಮೆ ಇದ್ದರೆ ಬೀಟಾ ಬ್ಲಾಕರ್ (ಬಡಿತ ನಿಧಾನಿಸುವ ಮಾತ್ರೆ), ಎಸಿಇ ಇನ್ಹಿಬಿಟರ್ (ನಾಳ ಸಡಿಲಿಸಿ ರಕ್ತದೊತ್ತಡ ಇಳಿಸುವ ಮಾತ್ರೆ) ಮುಂತಾದವು ಆಯುಷ್ಯ ಹೆಚ್ಚಿಸುತ್ತವೆ. ಇಎಫ್ 50 ಮತ್ತು ಮೇಲಿದ್ದವರಿಗೆ ಬೀಟಾ ಬ್ಲಾಕರ್‌ನಿಂದ ಸಾವಾಗಲಿ ಮರು ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ ಎಂದು 2024ರ ರೆಡ್ಯೂಸ್-ಎಎಂಐ ಅಧ್ಯಯನ ಹೇಳಿತು. ಅಂದರೆ ಮಾತ್ರೆಗಳ ಪಟ್ಟಿ ಪರಿಷ್ಕರಣೆಯಾಗಬಹುದು. ಅದು ವೈದ್ಯರ ಕೋಣೆಯಲ್ಲಿ ಆಗಬೇಕು, ಔಷಧದ ಡಬ್ಬಿಯ ಮುಂದೆ ನಿಂತು ಅಲ್ಲ.

ಫ್ಲೂ ಲಸಿಕೆಯನ್ನೂ ಕೇಳಿ ಹಾಕಿಸಿಕೊಳ್ಳಿ. ಹೃದಯಾಘಾತದ ಬೆನ್ನಲ್ಲೇ ಕೊಟ್ಟು ನೋಡಿದ 2021ರ ಅಧ್ಯಯನದಲ್ಲಿ ಒಂದು ವರ್ಷದೊಳಗಿನ ಸಾವುಗಳು ಕಡಿಮೆಯಾಗಿದ್ದವು.

ಸಿಗರೇಟು ಬಿಟ್ಟರೆ ಈಗ ಏನು ಉಪಯೋಗ? ಆಗುವುದು ಆಗಿಹೋಯಿತಲ್ಲ?

ಈಗಲೇ ಅತಿ ಹೆಚ್ಚು ಉಪಯೋಗ. ಹೃದ್ರೋಗ ಇರುವವರಲ್ಲಿ ಬಿಟ್ಟವರ ಸಾವಿನ ಅಪಾಯ ಬಿಡದವರಿಗಿಂತ ಸುಮಾರು ಶೇ 36 ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2003ರ ವಿಶ್ಲೇಷಣೆ ಹೇಳುತ್ತದೆ. ಇಷ್ಟು ಲಾಭ ಕೊಡುವ ಮಾತ್ರೆ ಸಿಗುವುದು ಕಷ್ಟ.

ನಡೆಯುವುದು, ಕೆಲಸ, ದಾಂಪತ್ಯ ಜೀವನ?

ತೊಡಕಿಲ್ಲದ ಹೃದಯಾಘಾತವಾದರೆ ಮೊದಲ ವಾರದಿಂದಲೇ ಸಮತಟ್ಟಾದ ಜಾಗದಲ್ಲಿ ನಿಧಾನ ನಡಿಗೆ. ಮಾತಾಡುತ್ತ ನಡೆಯಲು ಆಗುವಷ್ಟು ವೇಗ ಸಾಕು. ಕಾರ್ಡಿಯಾಕ್ ರಿಹ್ಯಾಬ್ ಎಂಬ ಮೇಲ್ವಿಚಾರಣೆಯ ವ್ಯಾಯಾಮ ಕಾರ್ಯಕ್ರಮ ಸಿಗುವಂತಿದ್ದರೆ ಬಿಡಬೇಡಿ. ಹೃದ್ರೋಗದ ಸಾವು, ಮತ್ತೆ ಆಸ್ಪತ್ರೆ ಸೇರುವುದು ಎರಡನ್ನೂ ಅದು ಕಡಿಮೆ ಮಾಡುತ್ತದೆ. ಇಷ್ಟಾದರೂ ಹೆಚ್ಚಿನವರನ್ನು ಅಲ್ಲಿಗೆ ಯಾರೂ ಕಳಿಸುವುದೇ ಇಲ್ಲ, ಅದು ನನಗೆ ಅರ್ಥವಾಗದ ಸಂಗತಿ.

ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತಬಲ್ಲವರಿಗೆ ದಾಂಪತ್ಯ ಜೀವನಕ್ಕೆ ಅಡ್ಡಿ ಇಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಸಿಲ್ಡೆನಾಫಿಲ್ (ವಯಾಗ್ರ) ಗುಂಪಿನ ಔಷಧಿಯನ್ನು ಮುಟ್ಟಲೇಬಾರದು, ರಕ್ತದೊತ್ತಡ ಪ್ರಾಣಕ್ಕೆ ಕುತ್ತಾಗುವಷ್ಟು ಕುಸಿಯಬಹುದು.

ಎಲ್ಲ ವರದಿ ಚೆನ್ನಾಗಿದ್ದರೂ ಅವರು ಮಂಕಾಗಿದ್ದಾರೆ, ಒಬ್ಬರೇ ಇರಲು ಹೆದರುತ್ತಾರೆ.

ಹೃದಯಾಘಾತ ಆದವರಲ್ಲಿ ಐವರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಕಾಣುತ್ತದೆ. ಅಂಥವರ ಹೃದಯದ ಭವಿಷ್ಯವೂ ಉಳಿದವರಿಗಿಂತ ಕೆಟ್ಟದಾಗಿರುತ್ತದೆ. ಮಾತ್ರೆ ಮರೆಯುವುದು, ನಡಿಗೆ ಬಿಡುವುದು, ನಿದ್ದೆ ಕೆಡುವುದು ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. "ಧೈರ್ಯವಾಗಿರಿ" ಎಂದು ಹೇಳಿ ಕೈತೊಳೆದುಕೊಳ್ಳಬೇಡಿ. ಎರಡು ವಾರ ಕಳೆದರೂ ಹಾಗೆಯೇ ಇದ್ದರೆ ವೈದ್ಯರಿಗೆ ಎದೆನೋವಿನಷ್ಟೇ ಗಂಭೀರವಾಗಿ ತಿಳಿಸಿ.

ಕೊನೆಗೂ, ಎಷ್ಟು ವರ್ಷ ಬದುಕುತ್ತಾರೆ?

ಒಬ್ಬ ವ್ಯಕ್ತಿಗೆ ವರ್ಷ ಎಣಿಸಿ ಹೇಳುವವರನ್ನು ನಂಬಬೇಡಿ. ಸ್ಕೋರ್‌ಗಳು ಹೇಳುವುದು ಒಂದು ಗುಂಪಿನ ಕಥೆ. ವಯಸ್ಸು ಐವತ್ತರ ಆಸುಪಾಸು, ಇಎಫ್ ಚೆನ್ನಾಗಿದೆ, ನಾಳಗಳೆಲ್ಲ ತೆರೆದಿವೆ, ಮೂತ್ರಪಿಂಡ ಸರಿಯಿದೆ, ಸಿಗರೇಟು ಬಿಟ್ಟಿದ್ದಾರೆ ಎಂದರೆ ದಶಕಗಳ ಲೆಕ್ಕದಲ್ಲಿ ಯೋಚಿಸಬಹುದು. ಇಳಿವಯಸ್ಸು, ಇಎಫ್ 30ರೊಳಗೆ, ಮಧುಮೇಹ, ಏರಿದ ಕ್ರಿಯಾಟಿನಿನ್ ಎಲ್ಲ ಒಟ್ಟಾಗಿದ್ದರೆ ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು. ಆ ಮಾತುಕತೆಯಲ್ಲಿ ರೋಗಿಯೂ ಇರಲಿ. ಅವರಿಗೆ ತಿಳಿಯಬಾರದು ಎಂದು ಮನೆಯವರು ಕಣ್ಸನ್ನೆ ಮಾಡುವಾಗ, ಅವರಿಗೆ ಆಗಲೇ ಅರ್ಧ ಗೊತ್ತಾಗಿರುತ್ತದೆ.

ಮಕ್ಕಳೂ ಪರೀಕ್ಷೆ ಮಾಡಿಸಬೇಕೇ?

ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಬಂದಿದ್ದರೆ ಖಂಡಿತ. ಆ್ಯಂಜಿಯೋಗ್ರಾಂ ಬೇಕಿಲ್ಲ. ರಕ್ತದೊತ್ತಡ, ಸಕ್ಕರೆ, ಲಿಪಿಡ್ ಪ್ರೊಫೈಲ್ ಮತ್ತು ಜೀವಮಾನದಲ್ಲಿ ಒಮ್ಮೆ ಲಿಪೊಪ್ರೋಟೀನ್-ಎ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಒಂದು ಬಗೆಯ ಕಣ) ಪರೀಕ್ಷೆ ಸಾಕು. ಕೊನೆಯದರ ಮಟ್ಟ ಬಹುಮಟ್ಟಿಗೆ ಹುಟ್ಟಿನಿಂದಲೇ ನಿರ್ಧಾರವಾಗಿರುತ್ತದೆ. ಅದು ಹೆಚ್ಚಿದ್ದರೆ ಎಲ್‌ಡಿಎಲ್, ರಕ್ತದೊತ್ತಡಗಳನ್ನು ಉಳಿದವರಿಗಿಂತ ಬೇಗ, ಉಳಿದವರಿಗಿಂತ ಬಿಗಿಯಾಗಿ ಹಿಡಿತದಲ್ಲಿಡಬೇಕಾಗುತ್ತದೆ.